ಗುಂಪಿನ ಗೊಂಬೆ

ನಮ್ಮಕ್ಕ ಈ ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂದು ಓದು ಬರಹ ಬಲ್ಲ ಒಂದಷ್ಟು ಜನ ಸೇರಿ ತೀರ್ಮಾನ ಮಾಡಿದರು. ನಾನು ಹೇಳುತ್ತೇನೆ, ಇದ್ದಾಳೆ. ಗಟ್ಟಿಮುಟ್ಟಾಗಿ ಇದ್ದಾಳೆ. ಅವಳು ಕೂತರೆ ನಮ್ಮ ಮನೆಯ ಹಳೇ ಸೋಫಾ ಕಿರುಗುಟ್ಟುತ್ತದೆ. ಅವಳಿಗೆ ನೆಗಡಿಯಾದರೆ ಇಡೀ ಮನೆ ಸೀನುತ್ತದೆ. ಅವಳು ಬಚ್ಚಲಿಗೆ ಹೊಕ್ಕರೆ ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ತಪಸ್ಸು ಮಾಡುತ್ತಾರೆ. ಇಂಥವಳೇ ಇಲ್ಲ ಅಂದರೆ ಇನ್ಯಾರು ಇದ್ದಾರೆ ಎಂದು ಆ ಪುಣ್ಯಾತ್ಮರನ್ನೇ ಕೇಳಬೇಕು.

ಅಕ್ಕನ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ. ನೆಲಮಾಳಿಗೆಯ ಕೊನೆಗೆ, ಬಾಯ್ಲರ್ ಪಕ್ಕ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ವಾರ್ಡುಗಳ ಶೀಟು, ದಿಂಬಿನ ಗವಸು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ಎಲ್ಲ ಅಲ್ಲಿಂದಲೇ ಹೋಗಬೇಕು, ಅಲ್ಲಿಗೇ ಬರಬೇಕು. ರಕ್ತದ ಕಲೆಯ ಶೀಟು ಯಾವ ಒಗೆತಕ್ಕೆ ಹೋಗಬೇಕು, ಹರಿದ ಶೀಟು ಯಾವಾಗ ಒರೆಸುವ ಬಟ್ಟೆಯಾಗಬೇಕು ಅನ್ನುವುದನ್ನೆಲ್ಲ ತೀರ್ಮಾನಿಸುವವಳು ಅಕ್ಕ. ತಲೆಕೂದಲು ಕಪ್ಪಗಿದ್ದಾಗ ಸೇರಿದವಳು ಈಗ ಬಣ್ಣ ಹಚ್ಚಿಕೊಳ್ಳುತ್ತಾಳೆ. ಕೋಣೆ ನಡೆಸುವವಳು ಅವಳೇ, ಆದರೆ ಮುಖ್ಯಸ್ಥೆ ಅನ್ನುವ ಹೆಸರು ಮಾತ್ರ ಅವಳಿಗಿಲ್ಲ. ಆ ಜಾಗ ಖಾಲಿಯೇ ಇತ್ತು. ಹೊಸ ಆಡಳಿತಾಧಿಕಾರಿ ಬಂದವನೇ, ಪ್ರತಿ ವಿಭಾಗದ ಮುಖ್ಯಸ್ಥರಿಗೆ ಪದವಿ ಇರಲೇಬೇಕು ಎಂದು ಆದೇಶ ಹೊರಡಿಸಿದ. ಬೆಡ್‌ಶೀಟ್ ಮಡಿಸಲು ಪದವಿ! ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ, "ಇರ್ಲಿ ಬಿಡೆ, ಇನ್ನೊಂದೇ ಪೇಪರ್ ಬಾಕಿ ಇರೋದು," ಅಂದಳು.

ಅವಳು ಬಹಳ ಹಿಂದೆಯೇ ದೂರಶಿಕ್ಷಣದ ವಿಶ್ವವಿದ್ಯಾಲಯಕ್ಕೆ ಸೇರಿ, ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಓದಿ, ಒಂದೊಂದೇ ಪೇಪರು ಮುಗಿಸಿಕೊಂಡು ಬಂದಿದ್ದಳು. ಉಳಿದದ್ದು 'ಗುಂಪು ಮತ್ತು ಸಹಕಾರ' ಅನ್ನುವ ಒಂದು ಪೇಪರು. ಅದನ್ನು ಈ ಸಲ ಮುಗಿಸಿದರೆ ಕುರ್ಚಿ ಅವಳದು. ಮುಗಿಸದಿದ್ದರೆ ಪುಟ್ಟಿಯದು. ಪುಟ್ಟಿ ಅಂದರೆ ಬಟ್ಟೆ ಕೋಣೆಗೆ ಹೊಸದಾಗಿ ಸೇರಿದ ಹುಡುಗಿ. ಪದವೀಧರೆ. ಶೀಟಿನ ಉದ್ದ ಯಾವುದು ಅಗಲ ಯಾವುದು ಎಂದು ಅಕ್ಕನೇ ಹೇಳಿಕೊಟ್ಟಿದ್ದಳು. ಅವಳಿಗೆ ಪುಟ್ಟಿ ಎಂದು ಹೆಸರಿಟ್ಟವಳೂ ಅಕ್ಕನೇ. ಆ ಹುಡುಗಿಗೆ ಕುರ್ಚಿಯ ಆಸೆ ಇತ್ತು ಎಂದು ನಾನು ಹೇಳಲಾರೆ. "ಅಕ್ಕಾ, ನೀವು ಬೇಗ ಪಾಸಾಗ್ಬಿಡಿ, ನನ್ನ ತಲೆಗೆ ಕಟ್ಬೇಡಿ," ಎಂದು ಅವಳೇ ಕೂತು ಅಕ್ಕನ ಫೋನಿನಲ್ಲಿ ವಿಶ್ವವಿದ್ಯಾಲಯದ ಚರ್ಚಾಕಟ್ಟೆಯನ್ನು ಹಾಕಿಕೊಟ್ಟಳು. ಫೋಟೋ ಹಾಕಿ ಅಕ್ಕಾ ಅಂದಳು. ಅಕ್ಕ ಬೇಡ ಅಂದಳು. ಈ ವಯಸ್ಸಿನಲ್ಲಿ ಓದುತ್ತಿದ್ದಾಳೆ ಎಂದು ಆಸ್ಪತ್ರೆಯವರು ಆಡಿಕೊಳ್ಳುತ್ತಾರೆ ಅನ್ನುವ ನಾಚಿಕೆ ಅವಳಿಗೆ.

ಚರ್ಚಾಕಟ್ಟೆ ಅಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಈ ವಿಶ್ವವಿದ್ಯಾಲಯಕ್ಕೆ ಬೆಂಚಿಲ್ಲ, ಗಂಟೆಯಿಲ್ಲ. ಎಲ್ಲೆಲ್ಲೋ ಕೆಲಸ ಮಾಡಿಕೊಂಡಿರುವವರನ್ನು ಒಂದು ಗುಂಪು ಮಾಡಿ ಅಂತರ್ಜಾಲದ ಈ ಕಟ್ಟೆಗೆ ತಂದು ಬಿಡುತ್ತಾರೆ. ಪಾಠ ಹೇಳುವ ಮೇಡಂ ವಾರಕ್ಕೊಂದು ಪ್ರಶ್ನೆ ಹಾಕುತ್ತಾರೆ, ಇವರೆಲ್ಲ ಅದರ ಬಗ್ಗೆ ಬರೆಯಬೇಕು, ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರ ಬರೆಯಬೇಕು. ಅದಕ್ಕೆ ಅಂಕ ಉಂಟು. ಆ ಅಂಕ ಸಾಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಇಲ್ಲೇ ಇದ್ದದ್ದು ಕುತ್ತಿಗೆಗೆ ಬಂದ ನಿಯಮ. ನೀವು ಎಷ್ಟು ಬರೆದಿರಿ ಅನ್ನುವುದು ಲೆಕ್ಕಕ್ಕಿಲ್ಲ. ನೀವು ಬರೆದದ್ದಕ್ಕೆ ಸಹಪಾಠಿಗಳು ಉತ್ತರ ಕೊಟ್ಟರೆ ಮಾತ್ರ ಅಂಕ. ಉತ್ತರ ಹುಟ್ಟಿಸದ ಮಾತು ಚರ್ಚೆಯಲ್ಲ ಎಂದು ಮೇಡಂ ಮೊದಲ ದಿನವೇ ಬರೆದುಬಿಟ್ಟಿದ್ದರು. ಎಣಿಸುವುದು ಯಂತ್ರ. ಅದಕ್ಕೆ ದಯೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ.

ಅಕ್ಕ ಬರೆಯುವ ಕ್ರಮ ನೋಡಬೇಕಿತ್ತು. ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಊಟದ ಮೇಜನ್ನು ಒರೆಸಿ ಒಣಗಿಸಿ ಫೋನು ಇಡುತ್ತಿದ್ದಳು. ಮೊದಲು ಹಾಳೆಯ ಮೇಲೆ ಬರೆದು, ತಿದ್ದಿ, ಆಮೇಲೆ ಒಂದೊಂದೇ ಅಕ್ಷರ ಒತ್ತುವಳು. "ಎಲ್ಲರಿಗೂ ನಮಸ್ಕಾರ. ಈ ವಾರದ ಪ್ರಶ್ನೆಗೆ ನನ್ನ ಅಭಿಪ್ರಾಯ ಈ ಕೆಳಗಿನಂತಿದೆ." ಹೀಗೇ ಶುರು. "ತಪ್ಪಿದ್ದರೆ ದಯವಿಟ್ಟು ತಿದ್ದಬೇಕು." ಹೀಗೇ ಮುಗಿತಾಯ. ನಡುವೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಶೀಟು ಮಡಿಸಿದಷ್ಟೇ ನೀಟು. ಭಾವ ಲಿಫ್ಟ್ ರಿಪೇರಿ ಮಾಡುವವರು, ಬಾಯಿಗೆ ಬ್ರೇಕಿಲ್ಲ. "ಏನಮ್ಮಾ, ಲಗ್ನಪತ್ರಿಕೆ ಬರೀತಿದೀಯೋ ಪರೀಕ್ಷೆಗೆ ಬರೀತಿದೀಯೋ?" ಅನ್ನುತ್ತಿದ್ದರು. ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಗುಂಪಿನಲ್ಲಿ ಯಾರೂ ಸ್ವಂತ ಮುಖ ಹಾಕಿರಲಿಲ್ಲ. ಒಬ್ಬ ಬೈಕಿನ ಚಿತ್ರ ಹಾಕಿದ್ದ, ಒಬ್ಬಳು ಗಿಳಿಯದು, ಇನ್ನೊಬ್ಬರು ಬಣ್ಣದ ಕೊಡೆಯದು. ಅಕ್ಕನ ಜಾಗದಲ್ಲಿ ಮಾತ್ರ ಬಿಳಿಯ ಬೋಳು ತಲೆಯ ಆಕಾರ. ಗುಂಪಿನ ಯಜಮಾನಿಕೆ ಬೈಕಿನವನದು. ಅವನು ಏನು ಬರೆದರೂ ಹತ್ತಾರು ಉತ್ತರ. "ಪ್ರಶ್ನೆ ಅರ್ಥ ಆಗ್ಲಿಲ್ಲ ಗುರು" ಎಂದು ಬರೆದರೂ ಉತ್ತರ. ಅಕ್ಕ ನೆಟ್ಟಗೆ ಬರೆದದ್ದರ ಕೆಳಗೆ ಬರೀ ಬಿಳಿ.

ಆಗಲೇ ಆ ಸುದ್ದಿ ಹಬ್ಬಿತು. ಹಿಂದಿನ ವರ್ಷ ಓದಿದ ಯಾರೋ ಗಿಳಿಗೆ ಹೇಳಿದ್ದರಂತೆ. ಪ್ರತಿ ಗುಂಪಿನಲ್ಲೂ ವಿಶ್ವವಿದ್ಯಾಲಯದವರೇ ಒಬ್ಬ ಸುಳ್ಳು ವಿದ್ಯಾರ್ಥಿಯನ್ನು ಬಿಟ್ಟಿರುತ್ತಾರೆ, ಯಾರೂ ಬಾಯಿ ಬಿಡದಿದ್ದಾಗ ಚರ್ಚೆ ಕದಡಲು ಪಾಠ ಹೇಳುವವರೇ ಆ ಹೆಸರಿನಲ್ಲಿ ಬರೆಯುತ್ತಾರೆ ಎಂದು. ಅದಕ್ಕೆ ಇವರಿಟ್ಟ ಹೆಸರು ಗೊಂಬೆ. "ನಮ್ಮ ಗುಂಪಿನ ಗೊಂಬೆ ಯಾರು?" ಎಂದು ಬೈಕಿನವನು ಕೇಳಿದ. ಕೇಳಿದ್ದೇ ತಡ, ಅಷ್ಟು ದಿನ ಪಾಠದ ಬಗ್ಗೆ ಬರೆಯಲು ಬೇಡಿಸಿಕೊಳ್ಳುತ್ತಿದ್ದವರೆಲ್ಲ ಮುಗಿಬಿದ್ದರು.

"ಫೋಟೋ ಇಲ್ಲ, ತಮಾಷೆ ಇಲ್ಲ, ದಿನಾ ಅದೇ ಹೊತ್ತಿಗೆ ಬರತ್ತೆ," ಎಂದು ಗಿಳಿ ಬರೆದಳು.

"ಯಾವ ಮನುಷ್ಯರು ಇಷ್ಟು ನೀಟಾಗಿ ಬರೀತಾರ್ರೀ? ತಪ್ಪಿದ್ದರೆ ದಯವಿಟ್ಟು ತಿದ್ದಬೇಕು ಅಂತೆ!" ಎಂದು ಬೈಕಿನವನು ಬರೆದ.

ಅಲ್ಲಿಗೆ ಪಂಚಾಯಿತಿ ಮುಗಿಯಿತು. ಅಚ್ಚುಕಟ್ಟಾಗಿ ಬರೆದದ್ದೇ ನಮ್ಮಕ್ಕ ಮಾಡಿದ ಅಪರಾಧ.

ಅಕ್ಕನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಗೊಂಬೆ ಯಾರು ಎಂದು ಅವಳೂ ಕುತೂಹಲದಿಂದ ಓದಿದಳು. ತನ್ನನ್ನೇ ಅನ್ನುತ್ತಿದ್ದಾರೆ ಎಂದು ಗೊತ್ತಾದಾಗ ನಕ್ಕಳು. "ಎಲ್ಲರಿಗೂ ನಮಸ್ಕಾರ. ನಾನು ಗೊಂಬೆಯಲ್ಲ. ನಾನು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ" ಎಂದು ಬರೆದಳು. ಅದನ್ನೂ ಮೊದಲು ಹಾಳೆಯ ಮೇಲೆ ಬರೆದು ತಿದ್ದಿದ್ದಳು, ನನ್ನ ಕರ್ಮ. "ನೋಡಿ ನೋಡಿ, ಗೊಂಬೆಗೆ ಮಾತು ಬಂತು" ಎಂದು ಗುಂಪೆಲ್ಲ ಕುಣಿಯಿತು. ಆದರೆ ಕುಣಿದದ್ದು ಬೈಕಿನವನ ಅಂಗಳದಲ್ಲಿ. ಅಕ್ಕನ ಮಾತಿನ ಕೆಳಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಗೊಂಬೆಗೆ ಉತ್ತರ ಕೊಡುವುದು ದಂಡ ಎಂದು ಅವರವರಲ್ಲೇ ಕಟ್ಟು ಮಾಡಿಕೊಂಡಿದ್ದರು.

ಉತ್ತರ ಕೊಟ್ಟವರು ಒಬ್ಬರೇ, ಕೊಡೆ. "ನೀವು ಬರೆದದ್ದು ಚೆನ್ನಾಗಿದೆ. ನನ್ನ ತಾಯಿಯೂ ನಿಮ್ಮ ಹಾಗೇ ದುಡಿದು ಓದಿದವರು. ಧೈರ್ಯಗೆಡಬೇಡಿ," ಎಂದು ಬರೆದಿದ್ದರು. ಅಕ್ಕ ಅದನ್ನು ನನಗೆ ಓದಿ ಹೇಳಿದಳು, ಭಾವನಿಗೆ ಓದಿ ಹೇಳಿದಳು, ಮಾರನೆಯ ದಿನ ಪುಟ್ಟಿಗೂ ಓದಿ ಹೇಳಿದಳಂತೆ. ಅಲ್ಲಿಂದ ಪ್ರತಿ ವಾರ ಕೊಡೆಯ ಉತ್ತರ ಬಂದೇ ಬರುವುದು. ಕೊಡೆಯಣ್ಣ ಹೀಗಂದರು, ಕೊಡೆಯಣ್ಣ ಹಾಗಂದರು ಎಂದು ಮನೆಯಲ್ಲಿ ಅದೇ ಮಾತು. "ನಿನ್ನ ಕೊಡೆಯಣ್ಣನನ್ನ ಒಂದಿನ ಊಟಕ್ಕೆ ಕರಿ. ಬಿಸಿಲಲ್ಲಿ ಬಂದ್ರೂ ಅವನಿಗೇನೂ ತೊಂದ್ರೆ ಇಲ್ಲ," ಎಂದು ಭಾವ ಕಾಲೆಳೆದರು. ಅಕ್ಕ ನಿಜಕ್ಕೂ ಕರೆಯಬೇಕೆಂದಿದ್ದಳು. ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದಳು.

ನಾನು ಕನ್ನಡಕದಂಗಡಿಯಲ್ಲಿ ಗಾಜು ಕೊರೆಯುವವಳು. ಒಂದು ಕೂದಲೆಳೆ ಆಚೀಚೆಯಾದರೆ ಗಾಜು ಸೀಳುತ್ತದೆ, ಅದಕ್ಕೇ ಅಂಗಡಿಯಲ್ಲಿ ನನ್ನ ಸಿಟ್ಟನ್ನು ಅದುಮಿಟ್ಟುಕೊಳ್ಳುತ್ತೇನೆ. ಮನೆಗೆ ಬಂದರೆ ಅದಕ್ಕೆ ಬಾಗಿಲು ತೆರೆಯುತ್ತದೆ. ಗುಂಪಿನವರು ದಿನಕ್ಕೊಂದು ಬರೆಯುತ್ತಿದ್ದರು. ಗೊಂಬೆಗೆ ಚಾವಿ ಕೊಟ್ಟವರು ಯಾರು, ಗೊಂಬೆಗೆ ಗಂಡ ಇದ್ದಾನಾ, ಅವನೂ ಹತ್ತಿಯದಾ. ಅದನ್ನು ಓದಿ ನಾನು ಫೋನು ಕಿತ್ತುಕೊಂಡೆ. "ಕೊಡಿಲ್ಲಿ, ಆ ಬೈಕಿನವನ ಜನ್ಮ ಜಾಲಾಡ್ತೀನಿ," ಅಂದೆ.

"ಸುಮ್ನಿರೆ. ಬೈದ್ರೆ ಕಟ್ಟೆಯಿಂದ ತೆಗೆದುಹಾಕ್ತಾರೆ. ಆಮೇಲೆ ಪರೀಕ್ಷೆಗೆ ನೀನು ಕೂರ್ತೀಯಾ?" ಅಂದಳು ಅಕ್ಕ. ಫೋನು ವಾಪಸು ತೆಗೆದುಕೊಂಡು ಪರದೆಯನ್ನು ಸೆರಗಿನಿಂದ ಒರೆಸಿದಳು. "ಕೊಡೆಯಣ್ಣನ ಉತ್ತರ ಪ್ರತಿ ವಾರ ಇದೆ. ಅಷ್ಟು ಸಾಕು."

ಸಾಕಾಗಿರಲಿಲ್ಲ. ಚರ್ಚೆಯ ತಾತ್ಕಾಲಿಕ ಅಂಕಪಟ್ಟಿ ಬಂದಾಗ ಅಕ್ಕನ ಹೆಸರಿನ ಮುಂದೆ ಸೊನ್ನೆ ಇತ್ತು. ಯಂತ್ರ ತಪ್ಪಿದೆ ಎಂದುಕೊಂಡು ನಾವಿಬ್ಬರೂ ರಜೆ ಹಾಕಿ ವಿಶ್ವವಿದ್ಯಾಲಯದ ಕೇಂದ್ರಕ್ಕೆ ಹೋದೆವು. ಉದ್ದನೆಯ ಮೊಗಸಾಲೆ, ಕೆಟ್ಟುಹೋದ ನೀರಿನ ಯಂತ್ರ, ಬಾಗಿಲಿಗೆಲ್ಲ ಒಂದೇ ಬಣ್ಣ. ಮೇಡಂ ಸಣ್ಣ ಕೋಣೆಯಲ್ಲಿ ಎರಡು ಪರದೆಗಳ ಮುಂದೆ ಕೂತಿದ್ದರು. ನನ್ನ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಅಕ್ಕ ಹೆಸರು ಹೇಳಿದ್ದೇ ತಡ, ಎದ್ದು ನಿಂತರು. "ನೀವೇನಾ? ಬನ್ನಿ ಬನ್ನಿ, ಕೂತ್ಕೊಳ್ಳಿ," ಅಂದರು. ಪಾಪ, ಒಳ್ಳೆಯವರು ಅನ್ನಿಸಿತು.

"ಮೇಡಂ, ಉತ್ತರ ಪ್ರತಿ ವಾರ ಬಂದಿದೆ. ಕೊಡೆಯಣ್ಣ ಕೊಟ್ಟಿದಾರೆ. ಯಂತ್ರ ಅದನ್ನ ಎಣಿಸಿಲ್ಲ," ಅಂದಳು ಅಕ್ಕ.

ಮೇಡಂ ಬಿಸ್ಕತ್ತು ಕೆಳಗಿಟ್ಟರು. ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಅದು ಎಣಿಸಲ್ಲ ಅಮ್ಮಾ. ಕೊಡೆ ವಿದ್ಯಾರ್ಥಿ ಅಲ್ಲ. ನಮ್ಮದೇ ಖಾತೆ. ನಾನೇ ಬರೆಯೋದು."

ಅಕ್ಕ ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು. ನನಗೆ ಅರ್ಥವಾಗಿತ್ತು.

"ನಿಮ್ಮನ್ನ ಎಲ್ಲರೂ ದೂರ ಇಟ್ಟಿದ್ದು ನೋಡೋಕಾಗ್ಲಿಲ್ಲ. ಅದಕ್ಕೇ ಪ್ರತಿ ವಾರ ಏನಾದ್ರೂ ಬರೀತಿದ್ದೆ," ಎಂದರು ಮೇಡಂ.

"ಅವರ ತಾಯಿ?" ಎಂದು ಕೇಳಿದಳು ಅಕ್ಕ. "ದುಡಿದು ಓದಿದವರು ಅಂದಿದ್ರಲ್ಲ."

"ಅದು... ಖಾತೆ ಮಾಡುವಾಗಲೇ ಒಂದಿಷ್ಟು ವಿವರ ಬರೆದಿಟ್ಟಿರ್ತೀವಿ. ವಯಸ್ಸು, ಊರು, ಮನೆಯವರು. ಬೇಕಾದಾಗ ಬಳಸ್ಕೋತೀವಿ."

ಅಕ್ಕ ಕೈಚೀಲದ ಹಿಡಿಯನ್ನು ಹಿಂಡಿ ಹಿಂಡಿ ಬಿಡುತ್ತಿದ್ದಳು. ಸೊನ್ನೆ ಅಂಕ ನೋಡಿದಾಗಲೂ ಅವಳ ಮುಖ ಹೀಗಾಗಿರಲಿಲ್ಲ. ನಾನು ತಡೆಯಲಾರದೆ ಹೇಳಿದೆ, "ಮೇಡಂ, ಇಷ್ಟು ದಿನ ಇವಳನ್ನ ಗೊಂಬೆ ಗೊಂಬೆ ಅಂತ ಕುಕ್ಕಿ ತಿಂದ್ರಲ್ಲ. ಇವಳು ನಿಜವಾದ ಮನುಷ್ಯಳು ಅಂತ ನೀವು ಒಂದು ಸಾಲು ಬರೆದಿದ್ರೆ ಮುಗಿದುಹೋಗ್ತಿತ್ತು. ಕೈ ಮುರಿದಿತ್ತಾ ನಿಮಗೆ?"

"ಬರೆದ್ರೆ ಮುಂದಿನ ಪ್ರಶ್ನೆ ಏನು ಬರತ್ತೆ ಹೇಳಿ? ಹಾಗಾದ್ರೆ ಗೊಂಬೆ ಯಾರು ಅಂತ. ಕೊಡೆ ಗೊತ್ತಾದ್ರೆ ಎಲ್ಲಾ ಗುಂಪುಗಳಲ್ಲೂ ಹುಡುಕ್ತಾರೆ. ಗೊಂಬೆ ಇಟ್ಟಿದೀವಿ ಅಂತ ಹೊರಗೆ ಹೇಳೋ ಹಾಗಿಲ್ಲ, ವಿಭಾಗದ ಮುಖ್ಯಸ್ಥರ ಕಟ್ಟಾಜ್ಞೆ. ಈ ಕೋಣೆಯಲ್ಲಿ ನಾನೂ ಗುತ್ತಿಗೆ ಮೇಲೆ ಇರೋಳು." ಅವರು ಅಕ್ಕನ ಕಡೆ ತಿರುಗಿದರು. "ಕಟ್ಟೆ ಇನ್ನೂ ಈ ವಾರ ತೆರೆದಿರತ್ತೆ. ನಿಜವಾದ ಸಹಪಾಠಿಗಳಿಂದ ಉತ್ತರ ಬರೋ ಹಾಗೆ ಮಾಡ್ಕೊಳ್ಳಿ. ಬಂದ್ರೆ ಯಂತ್ರ ತಾನೇ ಎಣಿಸತ್ತೆ. ಆದ್ರೆ ಕೊಡೆ ವಿಷಯ ಯಾರಿಗೂ ಹೇಳ್ಬೇಡಿ. ಮಾತು ಕೊಡಿ."

ಅಕ್ಕ ಮಾತು ಕೊಟ್ಟಳು. ಎದ್ದು ಬರುವಾಗ, "ನಿಮಗೂ ಕಷ್ಟ," ಎಂದು ಬೇರೆ ಹೇಳಿ ಬಂದಳು. ಇವಳ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದು ನಾನು ದಾರಿಯುದ್ದಕ್ಕೂ ಬೈದೆ.

ಅಂದು ಸಂಜೆ ಅಕ್ಕ ಗುಂಪಿಗೆ ಬರೆದಳು. "ಎಲ್ಲರಿಗೂ ನಮಸ್ಕಾರ. ನಾನು ನಿಮ್ಮಂತೆಯೇ ವಿದ್ಯಾರ್ಥಿನಿ. ನಿಮ್ಮ ಉತ್ತರ ಬಾರದಿದ್ದರೆ ನಾನು ಪರೀಕ್ಷೆ ಬರೆಯುವಂತಿಲ್ಲ, ನನ್ನ ಕೆಲಸದಲ್ಲಿ ಮುಂದೆ ಹೋಗುವಂತಿಲ್ಲ. ದಯವಿಟ್ಟು ಒಂದೊಂದು ಸಾಲು ಬರೆಯಿರಿ." ಭಾವ ಅದನ್ನು ಓದಿ ತಮಾಷೆ ಮಾಡದೆ ಒಳಗೆ ಹೋದರು.

ಬೈಕಿನವನು ತನ್ನ ಅಂಗಳದಲ್ಲಿ ನಿಂತು ಅಪ್ಪಣೆ ಕೊಟ್ಟ. ಗೊಂಬೆ ಮನುಷ್ಯಳಾಗಿದ್ದರೆ ವೀಡಿಯೊ ಮಾಡಿ ಹಾಕಲಿ. ಕೆಲಸದ ಜಾಗದಲ್ಲೇ ನಿಂತಿರಬೇಕು. ಮೂಗು ಹಿಡಿದುಕೊಂಡು ತನ್ನ ಹೆಸರನ್ನು ಹಿಂದುಮುಂದಾಗಿ ಹೇಳಬೇಕು. ಒಂಟಿಕಾಲಲ್ಲಿ ಕುಣಿಯಬೇಕು. ಗೊಂಬೆಗೆ ಇದೆಲ್ಲ ಬರುವುದಿಲ್ಲ ಎಂದು ಗಿಳಿ ಸೇರಿಸಿದಳು.

ಬೇಡ ಎಂದು ನಾನು ಕಾಲಿಗೆ ಬೀಳುವುದೊಂದು ಬಾಕಿ. ಅಕ್ಕ ಕೇಳಲಿಲ್ಲ. ಮಾರನೆಯ ದಿನ ಊಟದ ಬಿಡುವಿನಲ್ಲಿ ಬಟ್ಟೆ ಕೋಣೆಯಲ್ಲಿ ವೀಡಿಯೊ ಮಾಡಿದೆವು. ಫೋನು ಹಿಡಿದವಳು ನಾನು. ಯಾರಾದರೂ ಬಂದರೆ ತಡೆಯಲು ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಶೀಟಿನ ರಾಶಿಗಳ ನಡುವೆ ಅಕ್ಕ ಮೂಗು ಹಿಡಿದುಕೊಂಡು ತನ್ನ ಹೆಸರನ್ನು ಹಿಂದಿನಿಂದ ಹೇಳಿದಳು. ಎರಡು ಸಲ ತಪ್ಪಿ ಮೂರನೇ ಸಲ ಸರಿಯಾಯಿತು. ಆಮೇಲೆ ಸೀರೆ ಸ್ವಲ್ಪ ಎತ್ತಿ ಹಿಡಿದು ಒಂಟಿಕಾಲಲ್ಲಿ ಕುಣಿದಳು. ಟ್ರಾಲಿಗೆ ಕೈ ಊರಿದ್ದಕ್ಕೆ, ಮೋಸ ಅನ್ನುತ್ತಾರೇನೋ ಎಂದು ಮತ್ತೊಮ್ಮೆ ಕುಣಿದಳು. ಬಾಗಿಲಲ್ಲಿ ಪುಟ್ಟಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಕ್ಕ ಅದನ್ನು ನೋಡಿದಳು, ಕುಣಿಯುವಾಗ ಇಲ್ಲದ ನಾಚಿಕೆ ಆಗ ಅವಳ ಮುಖಕ್ಕೆ ಬಂತು. ಸೀರೆ ಬಿಟ್ಟು ನೆರಿಗೆ ಸರಿ ಮಾಡಿಕೊಂಡಳು.

ವೀಡಿಯೊ ಹಾಕಿದ ಮೇಲೆ ಗುಂಪು ಬಿದ್ದು ಬಿದ್ದು ನಕ್ಕಿತು. "ನಟಿಯನ್ನ ಚೆನ್ನಾಗಿ ಹುಡುಕಿದಾರೆ. ಹಿಂದಿನ ಶೀಟುಗಳು ಸೂಪರ್," ಎಂದು ಬರೆದ ಬೈಕಿನವನು. ಒಂದಿಬ್ಬರಿಗೆ ಮಾತ್ರ ಅನುಮಾನ ಹುಟ್ಟಿತು. ನಿಜವಾಗಿದ್ದರೆ ಪಾಪ ಅಲ್ಲವಾ ಅಂದರು. ಹಾಗಾದರೆ ಯಾರಾದರೂ ನಂಬಿಕೆಯವರು ಹೇಳಲಿ ಎಂದಾಯಿತು. ನಂಬಿಕೆಯವರು ಅಂದರೆ ಯಾರು? ಜಗಳಕ್ಕೆ ಹೋಗದವರು, ಎಲ್ಲರಿಗೂ ಒಳ್ಳೆಯ ಮಾತು ಆಡುವವರು, ಇವಳಿಗೆ ಮೊದಲಿನಿಂದ ಉತ್ತರ ಕೊಡುತ್ತಾ ಬಂದವರು.

"ಕೊಡೆ ಹೇಳಲಿ. ಇವರು ನಿಜ ಅಂತ ಕೊಡೆ ಹೇಳಿದ್ರೆ ನಾವೆಲ್ಲ ಉತ್ತರ ಬರೀತೀವಿ, ಕ್ಷಮೆನೂ ಕೇಳ್ತೀವಿ," ಎಂದು ಬರೆದ ಬೈಕಿನವನು.

ನಾವು ಮೂವರೂ ಊಟದ ಮೇಜಿನ ಸುತ್ತ ಕೂತಿದ್ದೆವು. ನನಗೆ ಎಂಥ ಹಗುರ ಅನ್ನಿಸಿತು ಎಂದರೆ ನಗುವೇ ಬಂತು. ಮೇಡಂ ಮೊನ್ನೆ ತಾನೇ ಅಕ್ಕನ ಎದುರು ಕೂತು ಮಾತಾಡಿದ್ದಾರೆ. ಇದ್ದಾರೆ, ನಿಜ. ಎರಡೇ ಪದ. "ಬರೀತಾರೆ ನೋಡು," ಅಂದೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಕೊಡೆಯ ಚಿತ್ರದ ಪಕ್ಕ ಅಕ್ಷರ ಮೂಡಿದವು.

"ನಾನು ಅವರನ್ನು ನೋಡಿಲ್ಲ. ನನಗೆ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ದಯವಿಟ್ಟು ನನ್ನನ್ನು ಇದಕ್ಕೆ ಎಳೆಯಬೇಡಿ."

ಭಾವ ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು. ನನ್ನ ರಕ್ತ ಕುದಿಯಿತು. ಇದ್ದವಳಿಗೆ ಇಲ್ಲದವನ ಸಾಕ್ಷಿ ಬೇಕಾಯಿತು, ಅವನೂ ಕೈ ತೊಳೆದುಕೊಂಡ. "ಇನ್ನೂ ಯಾವ ಮಾತು ಉಳಿಸ್ತೀಯೆ ಆ ಮೇಡಂಗೆ? ಬರಿ, ಕೊಡೆನೇ ಗೊಂಬೆ ಅಂತ ಬರಿ," ಎಂದು ಕಿರುಚಿದೆ.

ಅಕ್ಕ ಹಾಳೆ ತೆಗೆದುಕೊಳ್ಳಲಿಲ್ಲ. ನಮಸ್ಕಾರ ಬರೆಯಲಿಲ್ಲ. "ಕೊಡೆಯೇ ಗೊಂಬೆ. ಅದನ್ನು ಬರೆಯುವುದು ಮೇಡಂ. ಅವರೇ ನನಗೆ ಹೇಳಿದ್ದಾರೆ," ಎಂದು ನೇರವಾಗಿ ಒತ್ತಿ ಕಳಿಸಿದಳು.

ನೋಡಬೇಕಿತ್ತು ಆಗ. ಅಷ್ಟು ದಿನ ಅವಳ ಕೆಳಗೆ ಒಂದಕ್ಷರ ಬರೆಯದಿದ್ದವರು, ಕಟ್ಟು ಮುರಿದು, ನೆಟ್ಟಗೆ ಅವಳ ಮಾತಿನ ಕೆಳಗೇ ನುಗ್ಗಿದರು. ಕೊಡೆಯಂಥ ದೇವರಂಥವರ ಮೇಲೆ ಕೆಸರು ಎರಚುತ್ತೀಯಾ. ನಾಚಿಕೆಯಾಗಬೇಕು. ನಿನಗೆ ಒಳ್ಳೆಯದು ಮಾಡಿದವರ ಬೆನ್ನಿಗೇ ಚೂರಿ ಹಾಕಿದೆಯಲ್ಲ. ಥೂ. ಬೈಕಿನವನು ಒಬ್ಬನೇ ಉದ್ದುದ್ದ ಬರೆದ. ಗಿಳಿ ಬರೆದದ್ದನ್ನು ನಾನಿಲ್ಲಿ ಹೇಳಲಾರೆ, ನನ್ನ ನಾಲಿಗೆಗೂ ಒಂದು ಮಿತಿ ಇದೆ. ಅಕ್ಕ ಹಿಂದೆ ಬರೆದದ್ದನ್ನೆಲ್ಲ ಹುಡುಕಿ ಹುಡುಕಿ, ಪ್ರತಿ ವಾರದ್ದರ ಕೆಳಗೂ ಹೋಗಿ ಉಗಿದು ಬಂದರು. "ನನಗೆ ತುಂಬಾ ನೋವಾಗಿದೆ," ಎಂದು ಕೊಡೆ ಬರೆಯಿತು. ಅದನ್ನು ಸಮಾಧಾನ ಮಾಡಲು ಇನ್ನೊಂದು ದಂಡು ಹೋಯಿತು. ಅಕ್ಕ ಬೆರಳಿನಿಂದ ಪರದೆ ಸರಿಸುತ್ತಾ ಒಂದೊಂದನ್ನೂ ಓದಿದಳು. ಒಂದನ್ನೂ ಬಿಡಲಿಲ್ಲ. ಫೋನು ಕೊಡು ಅಂದರೆ ಕೊಡಲಿಲ್ಲ.

ಕಟ್ಟೆ ಮುಚ್ಚಿತು. ಯಂತ್ರ ಎಣಿಸಿತು. ಅದಕ್ಕೆ ಬೈಗುಳವೂ ಉತ್ತರವೇ. ಸಹಪಾಠಿಗಳ ಉತ್ತರ, ಪ್ರತಿ ವಾರಕ್ಕೂ, ಬೇಕಾದದ್ದಕ್ಕಿಂತ ಹೆಚ್ಚು. ಅಕ್ಕನಿಗೆ ಚರ್ಚೆಯಲ್ಲಿ ಪೂರ್ತಿ ಅಂಕ ಬಂತು. 'ಗುಂಪಿನಲ್ಲಿ ಅತ್ಯುತ್ತಮ ಪಾಲ್ಗೊಳ್ಳುವಿಕೆ' ಎಂದು ಕೆಳಗೆ ಅಚ್ಚಾಗಿತ್ತು. ಭಾವ ಅದನ್ನು ಗಟ್ಟಿಯಾಗಿ ಓದಿ ನಗಲು ಹೋದರು, ಅಕ್ಕ ನಗಲಿಲ್ಲವೆಂದು ಅರ್ಧಕ್ಕೆ ನಿಲ್ಲಿಸಿದರು. ಪರೀಕ್ಷೆ ಬರೆದಳು, ಪಾಸಾದಳು, ಪದವಿ ಬಂತು, ಆಸ್ಪತ್ರೆಯ ಆದೇಶವೂ ಬಂತು. ನಾನಂತೂ ಕುಣಿದಾಡಿದೆ. ಹಾಳು ಗುಂಪು ಏನು ಮಾಡಿದರೇನು, ಗೆದ್ದವಳು ನಮ್ಮಕ್ಕ ಅಂದುಕೊಂಡೆ. ಪುಟ್ಟಿ ಅವತ್ತು ಆ ಖಾಲಿ ಕುರ್ಚಿಯನ್ನು ಸೋಪು ಹಾಕಿ ತೊಳೆದು ಒರೆಸಿಟ್ಟಿದ್ದಳಂತೆ.

ಕೆಲವು ವಾರಗಳಾದ ಮೇಲೆ ಅಕ್ಕನ ಹೊಸ ಕನ್ನಡಕ ಕೊಡಲು ನಾನು ಬಟ್ಟೆ ಕೋಣೆಗೆ ಹೋದೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಪುಟ್ಟಿ ಮೇಜಿನ ಮುಂದೆ ನಿಂತಿದ್ದಳು.

"ಅಕ್ಕಾ, ಮಕ್ಕಳ ವಾರ್ಡಿಗೆ ಶೀಟು ಕಳಿಸ್ಲಾ?"

ಅಕ್ಕ ಏನೋ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಕಾ, ಅವರು ಎರಡು ಸಲ ಫೋನ್ ಮಾಡಿದ್ರು."

ಅಕ್ಕ ಮಡಿಸುವ ಮೇಜಿನ ಕಡೆ ತಿರುಗಿ ಅಲ್ಲಿದ್ದ ಹೆಂಗಸಿಗೆ, "ಮಕ್ಕಳ ವಾರ್ಡಿಗೆ ಶೀಟು ಕಳಿಸಮ್ಮಾ," ಅಂದಳು. ಆ ಹೆಂಗಸೂ ಪುಟ್ಟಿಯ ಕಡೆ ನೋಡದೆ, ಅವಳನ್ನು ಬಳಸಿಕೊಂಡು ಹೋಗಿ ಶೀಟು ಎತ್ತಿಕೊಂಡಳು. ಮುಖ್ಯಸ್ಥೆಯನ್ನು ನೋಡಿ ಉಳಿದವರೂ ಹಾಗೆಯೇ. ಇಡೀ ಕೋಣೆಯಲ್ಲಿ ಆ ಹುಡುಗಿಗೆ ಉತ್ತರ ಕೊಡುವವರು ಒಬ್ಬರಿರಲಿಲ್ಲ.

ಪುಟ್ಟಿ ನನ್ನನ್ನು ಬಾಗಿಲಾಚೆಗೆ ಕರೆದುಕೊಂಡು ಹೋದಳು. ಮುಖ ಇಳಿದುಹೋಗಿತ್ತು. "ಆರ್ಡರ್ ಬಂದ ದಿನದಿಂದ ಹೀಗೇ. ನಾನೇನು ತಪ್ಪು ಮಾಡಿದೆ ಅಂತ ಕೇಳಿ. ಬೈಯೋಕೆ ಹೇಳಿ ಅವರಿಗೆ. ಎಲ್ಲರ ಮುಂದೆ ಬೈಲಿ, ಪರವಾಗಿಲ್ಲ. ಏನಾದ್ರೂ ಅನ್ನೋಕೆ ಹೇಳಿ," ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು.

ನಾನು ದಡದಡ ಒಳಗೆ ಬಂದೆ. "ಏನೇ ಇದು? ಆ ಹುಡುಗಿನ ಯಾಕೆ ಮಾತಾಡಿಸ್ತಿಲ್ಲ? ಅಲ್ಲಿ ನಿಂತು ಅಳ್ತಿದೆ ನೋಡು," ಅಂದೆ. ಪುಟ್ಟಿ ಬಾಗಿಲವರೆಗೆ ಬಂದು ನಿಂತಿದ್ದಳು, ವೀಡಿಯೊ ಮಾಡಿದ ದಿನ ಅಳುತ್ತಾ ನಿಂತಿದ್ದಲ್ಲೇ.

ಅಕ್ಕ ಡಬ್ಬಿಯಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಬಾಗಿಲ ಕಡೆ ಮುಖ ಮಾಡಿ, ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಕನ್ನಡಕ ಸರಿಯಾಗಿಯೇ ಕೂತಿತ್ತು.

"ಯಾವ ಹುಡುಗಿ?" ಅಂದಳು. ಆಮೇಲೆ ಮಡಿಸುವ ಹೆಂಗಸನ್ನು ಕರೆದು, ಆ ಬಾಗಿಲು ಹಾಕು, ಗಾಳಿ ಬರುತ್ತಿದೆ ಅಂದಳು. ಹೆಂಗಸು ಹೋಗಿ ಬಾಗಿಲು ಹಾಕಿದಳು.